ಹಳೇ ಗಾಡಿ ನೋಡಲು ಅತ್ತೆಯನ್ನೂ ಕರೆದೊಯ್ಯಿರಿ



ಈ ಸಲ ಮಾವಿನಕಾಯಿ ತೊಕ್ಕಿನ ಬಗ್ಗೆ ಬರೆಯೋಣವೆಂದು ಕುಳಿತಿದ್ದೆ. ಅಷ್ಟರಲ್ಲಿ ಔರಾದದ ಒಬ್ಬ ಸೋದರಿಯ ಪತ್ರ ಕೈಗೆ ಬಂತು. ಓದಿದ ಮೇಲೆ ತೊಕ್ಕು ಮುಂದಿನ ಸಂಚಿಕೆಗೆ ಇರಲಿ ಎನ್ನಿಸಿತು. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ಪತ್ರ ಹೀಗಿದೆ:

"ಅಕ್ಕೋರೆ, ನಮ್ಮ ಅತ್ತೆಯವರಿಗೆ ಎರಡೂ ಕಿಡ್ನಿ ಕೆಟ್ಟಾವ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಸಲುವಾಗಿ ಬೀದರಕ್ಕೆ ಕರಕೊಂಡು ಹೋಗಬೇಕು. ನಮ್ಮ ಊರಿಗೆ ರೈಲು ಇಲ್ಲ, ಬಸ್ಸಿನಾಗ ಅವರಿಗೆ ಆಗೂದಿಲ್ಲ. ಬಾಡಿಗೆ ಗಾಡಿಗೆ ಕೊಟ್ಟು ಕೊಟ್ಟು ಸಾಕಾಗಿ, ಸ್ವಂತಕ್ಕೆ ಒಂದು ಹಳೇ ಗಾಡಿ ತಗೋಬೇಕಂತ ಮನೆಯವರೂ ಮೈದುನನೂ ಎರಡು ನೋಡಿಟ್ಟಾರ. ಬೀದರದಾಗ ಒಂದು ಸ್ಕಾರ್ಪಿಯೊ, 2013ರದು, ಮೀಟರಿನ ಮ್ಯಾಲ 1,38,000 ಕಿಲೋಮೀಟರ್ ಅದ, ಐದೂವರೆ ಲಕ್ಷ ಹೇಳ್ತಾರ. ಭಾಲ್ಕಿಯಾಗ ಒಂದು ಬೊಲೆರೊ, 2015ರದು, 2,06,000 ಓಡ್ಯಾದ, ಐದು ಲಕ್ಷ. ಕಡಿಮಿ ಓಡಿದ್ದೇ ಚೊಲೊ ಅಂತ ಮೈದುನನ ಹಟ. ತೊಗರಿ, ಸೋಯಾ ಮಾರಿದ ರೊಕ್ಕ ಮೂರೂವರೆ ಲಕ್ಷ ಅದ. ಉಳಿದ ಎರಡು ಲಕ್ಷಕ್ಕ ನನ್ನ ಪಾಟ್ಲಿ ಅಡ ಇಡಬೇಕು. ನಾ ಏನರೆ ಕೇಳಿದರ 'ನಿನಗೇನ್ ತಿಳೀತದ ಗಾಡಿ ವಿಷಯ' ಅಂತಾರ. ಖರೇ, ನನಗೇನೂ ತಿಳಿಯೂದಿಲ್ಲ. ಖರೆ ಪಾಟ್ಲಿ ನನ್ನವು ಅವ ಅಕ್ಕೋರೆ."

ಕೊನೆಯ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಯಾಕೆಂದರೆ ನನ್ನ ಕೈಯಲ್ಲೂ ಒಂದು ಕಾಲಕ್ಕೆ ಪಾಟ್ಲಿ ಇದ್ದವು. 2009ರಲ್ಲಿ ನಮ್ಮ ಮನೆಗೂ ಒಂದು ಹಳೇ ಗಾಡಿ ಬಂತು. ಕೆಂಪು ಬಣ್ಣ, ಹೊಸ ಸೀಟು ಕವರು, ಒಳಗೆ ಅತ್ತರಿನ ವಾಸನೆ. ದಲಾಲನ ಮುಂದೆ ಚಹಾದ ತಟ್ಟೆ ಇಟ್ಟು ಒಳಗೆ ಹೋದವಳು ನಾನು. ಬಾಯಿ ಬಿಡಲಿಲ್ಲ. ಮೂರು ತಿಂಗಳಿಗೆ ಎಂಜಿನ್ ಬಿಚ್ಚಿತು, ಆರು ತಿಂಗಳಿಗೆ ಗಾಡಿ ಗುಜರಿಗೆ ಹೋಯಿತು. ಪಾಟ್ಲಿ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಮನೆಯವರನ್ನು ದೂರುತ್ತಿಲ್ಲ. ನೋಡುವ ಕಣ್ಣು ನಾಲ್ಕಿದ್ದಾಗ ಎರಡನ್ನೇ ಬಳಸಿದೆವು, ತಪ್ಪು ಅದು.

ನಾನಿರುವುದು ಬೀದರದಲ್ಲೇ. ಔರಾದ ಸುಮಾರು 40 ಕಿಲೋಮೀಟರ್, ಭಾಲ್ಕಿಯೂ ಹೆಚ್ಚುಕಡಿಮೆ ಅಷ್ಟೇ. "ರವಿವಾರ ಬನ್ನಿ, ಎರಡೂ ಗಾಡಿ ಕೂಡಿಯೇ ನೋಡೋಣ. ನಿಮ್ಮ ಮನೆಯವರಿಗೂ ಮೈದುನನಿಗೂ ನಮ್ಮ ಮನೆಯಲ್ಲೇ ಊಟ. ಅತ್ತೆಯವರನ್ನು ಮರೆಯದೆ ಕರೆತನ್ನಿ" ಎಂದು ಫೋನು ಮಾಡಿ ಹೇಳಿದೆ. ನಮ್ಮ ಪರಿಚಯದ ಒಬ್ಬ ಹಿರಿಯ ಮಿಸ್ತ್ರಿಗೂ ಹೇಳಿಟ್ಟೆ. ದಲಾಲ ತೋರಿಸುವ ಮಿಸ್ತ್ರಿ ಬೇರೆ, ನಾವು ಕರೆದುಕೊಂಡು ಹೋಗುವ ಮಿಸ್ತ್ರಿ ಬೇರೆ. ಇದನ್ನು ಮೊದಲು ನೆನಪಿಡಿ.

ಎತ್ತು ನೋಡಿದವರಿಗೆ ಗಾಡಿ ನೋಡಲು ಬರುತ್ತದೆ

ನಮ್ಮ ಕಡೆಯ ದೇವಣಿ ಎತ್ತನ್ನು ಜಾತ್ರೆಯಲ್ಲಿ ಹೇಗೆ ಕೊಳ್ಳುತ್ತಾರೆ ನೋಡಿದ್ದೀರಲ್ಲ? ಕೊಂಬಿಗೆ ಬಳಿದ ಬಣ್ಣ ನೋಡಿ ಯಾರೂ ದುಡ್ಡು ಎಣಿಸುವುದಿಲ್ಲ. ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ನೊಗ ಹೂಡಿ ಎಳೆಸುತ್ತಾರೆ. ಯಾರ ಮನೆಯ ಎತ್ತು, ಹೇಗೆ ಮೇಯಿಸಿದ್ದಾರೆ ಎಂದು ಕೇಳುತ್ತಾರೆ. ಹಳೇ ಗಾಡಿಗೂ ಇದೇ ಲೆಕ್ಕ. ಎಷ್ಟು ಓಡಿದೆ ಎನ್ನುವುದಕ್ಕಿಂತ ಹೇಗೆ ಸಾಕಿದ್ದಾರೆ ಎನ್ನುವುದು ದೊಡ್ಡದು. ಹೊತ್ತು ಹೊತ್ತಿಗೆ ಆಯಿಲ್ ಬದಲಿಸಿದ ಡೀಸೆಲ್ ಎಂಜಿನ್ ಎರಡು ಲಕ್ಷ ಕಿಲೋಮೀಟರ್ ದಾಟಿಯೂ ಚೆನ್ನಾಗಿ ದುಡಿಯುತ್ತದೆ. ಆಯಿಲ್ ಕಾಣದ ಎಂಜಿನ್ ಒಂದು ಲಕ್ಷಕ್ಕೇ ಕೈ ಎತ್ತುತ್ತದೆ.

ಇನ್ನು ಈ ಎರಡು ಗಾಡಿಗಳ ಗುಣ. ಎರಡೂ ಒಂದೇ ಕಂಪನಿಯವು. ಬೊಲೆರೊ 2000ದಲ್ಲಿ ಬಂತು, ಸ್ಕಾರ್ಪಿಯೊ 2002ರಲ್ಲಿ. 2015ರ ಬೊಲೆರೊದ ಎಂಜಿನ್ 2523 ಸಿಸಿ, ಬಲ ಸುಮಾರು 63 ಕುದುರೆ. 2013ರ ಸ್ಕಾರ್ಪಿಯೊದ ಎಂಜಿನ್ 2179 ಸಿಸಿ, ಬಲ 120 ಕುದುರೆ. ಹೆಚ್ಚುಕಡಿಮೆ ಎರಡು ಪಟ್ಟು! ಮೈದುನನ ಕಣ್ಣು ಅಲ್ಲಿ ನೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ಕಾರ್ಪಿಯೊದ ಹಿಂಭಾಗಕ್ಕೆ ಸುರುಳಿ ಸ್ಪ್ರಿಂಗು, ಕುಲುಕಾಟ ಕಡಿಮೆ. ಬೊಲೆರೊದ ಹಿಂಭಾಗಕ್ಕೆ ಎತ್ತಿನ ದಮಣಿಗೆ ಇರುವಂಥ ಪಟ್ಟಿ ಕಮಾನು. ಭಾರ ಚೆನ್ನಾಗಿ ಹೊರುತ್ತದೆ, ಖಾಲಿ ಇದ್ದಾಗ ಗುಂಡಿಗೆ ಬಿದ್ದರೆ ಸೊಂಟ ಹಿಡಿಯುತ್ತದೆ. ಆದರೆ ಹಳ್ಳಿಯ ಮಿಸ್ತ್ರಿಗೂ ಕೈ ಹತ್ತುವ ಸರಳ ಗಾಡಿ. ಹೀಗಾಗಿ ಪ್ರಶ್ನೆ ನಿಜಕ್ಕೂ ಸುಲಭದ್ದಲ್ಲ. ರೋಗಿಗೆ ಮೆತ್ತಗಿರುವುದು ಸ್ಕಾರ್ಪಿಯೊ, ಜೇಬಿಗೆ ಮೆತ್ತಗಿರುವುದು ಬೊಲೆರೊ.

ಬೀದರದ ಸ್ಕಾರ್ಪಿಯೊ

"ನಾವು ಬರುವ ತನಕ ಗಾಡಿ ಚಾಲೂ ಮಾಡಬೇಡಿ" ಎಂದು ದಲಾಲನಿಗೆ ಮುಂಚೆಯೇ ಹೇಳಿದ್ದೆ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈ ಇಟ್ಟೆ. ಬಿಸಿ ಇತ್ತು. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಬೆಳಿಗ್ಗೆ ಹೇಗೆ ಎದ್ದೇಳುತ್ತದೆ ಎನ್ನುವುದರಲ್ಲೇ ಅದರ ಆರೋಗ್ಯ ತಿಳಿಯುತ್ತದೆ. ಮೊದಲೇ ಬಿಸಿ ಮಾಡಿಟ್ಟರೆ ಆ ಗುಟ್ಟು ಮುಚ್ಚಿಹೋಗುತ್ತದೆ. "ಸುಮ್ಮನೆ ತೊಳೆಯಲು ಹೊರಗೆ ತೆಗೆದಿದ್ದೆ ಬಾಯಿ" ಅಂದ ದಲಾಲ. ಇರಲಿ.

ಚೀಲದಿಂದ ನಮ್ಮ ಫ್ರಿಜ್ಜಿನ ಮೇಲಿನ ಅಯಸ್ಕಾಂತದ ಗೊಂಬೆ ತೆಗೆದೆ. ಎಲ್ಲರೂ ನಕ್ಕರು. ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲು, ಮಡ್‌ಗಾರ್ಡು ಎಲ್ಲ ಕಡೆ ಒತ್ತಿ ನೋಡಿದೆವು. ಎಡಗಡೆ ಹಿಂದಿನ ಬಾಗಿಲಿಗೆ ಗೊಂಬೆ ನಿಲ್ಲಲಿಲ್ಲ, ಜಾರಿ ಬಿತ್ತು. ತಗಡಿನ ಮೇಲೆ ದಪ್ಪ ಪುಟ್ಟಿ ಮೆತ್ತಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಅಂದರೆ ಆ ಬದಿ ಎಲ್ಲೋ ಜೋರಾಗಿ ಗುದ್ದಿಸಿಕೊಂಡಿದೆ. ಈಗ ನಗು ನಿಂತಿತು.

ಆಮೇಲೆ ಕಾಲ ಕೆಳಗೆ ನೋಡಿ ಎಂದೆ. ಬ್ರೇಕು, ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಗೆರೆಯೇ ಇಲ್ಲದೆ ನುಣ್ಣಗಾಗಿತ್ತು. ಸ್ಟೀರಿಂಗಿಗೆ ಹೊಸ ಕವರು. ಕವರು ಸರಿಸಿದರೆ ಕೆಳಗಿನ ಚಕ್ರ ಮನೆಯ ಹಳೇ ಲಟ್ಟಣಿಗೆಯ ಹಾಗೆ ಹೊಳೆಯುತ್ತಿತ್ತು. 1,38,000 ಕಿಲೋಮೀಟರಿಗೆ ಇಷ್ಟು ಸವೆತವೆ? ಅನುಮಾನ ಬಂತು, ಆದರೆ ಅನುಮಾನ ಸಾಕ್ಷಿಯಲ್ಲ.

ಸಾಕ್ಷಿ ಸಿಕ್ಕಿದ್ದು ನಮ್ಮ ಸೋದರಿಗೆ. ಬಾನೆಟ್ ಎತ್ತಿದಾಗ ಒಳಗೆ ಮೂಲೆಯಲ್ಲಿ ಒಂದು ಧೂಳು ಹಿಡಿದ ಚೀಟಿ ಅಂಟಿಸಿತ್ತು. ನಮ್ಮವರಿಗೆ ಧೂಳು ಕಂಡರೆ ಕೈ ಸುಮ್ಮನಿರುವುದೆ? ಸೆರಗಿನ ತುದಿಯಿಂದ ಒರೆಸಿದಳು. ಒಳಗೆ ಪೆನ್ನಿನಲ್ಲಿ ಬರೆದಿತ್ತು: ಆಯಿಲ್ ಬದಲಿಸಿದ್ದು 1,71,000, ಮುಂದಿನದು 1,81,000. ಮೀಟರಿನಲ್ಲಿ ನೋಡಿದರೆ 1,38,000! ಮುಂದೆ ಹೋಗಬೇಕಾದ ಮೀಟರು ಹಿಂದೆ ಹೋಗಿದೆ. ದಲಾಲ "ಅದು ಬೇರೆ ಗಾಡಿಯ ಚೀಟಿ ಇರಬಹುದು" ಅಂದ. "ಹಂಗಾದರ ಸರ್ವಿಸ್ ಮಾಡಿಸಿದ ಕಾಗದ ತೋರಸ್ರಿ" ಎಂದಳು ಸೋದರಿ, ಮೆಲ್ಲಗೆ. ಕಾಗದ ಇರಲಿಲ್ಲ.

ಇನ್ನೊಂದು ವಿಷಯವೂ ಕಂಡಿತು. ಚಂದ ಕಾಣಲೆಂದು ಕಂಪನಿಯ ಅಳತೆಗಿಂತ ದೊಡ್ಡ ಟೈರು ಹಾಕಿಸಿದ್ದರು. ದೊಡ್ಡ ಟೈರಿದ್ದರೆ ಮೀಟರು ನಿಜಕ್ಕಿಂತ ಕಡಿಮೆ ಎಣಿಸುತ್ತದೆ. ಅಷ್ಟೇ ಅಲ್ಲ, ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ನಾಳೆ ಪರಿಹಾರ ಕೇಳುವಾಗ ಅಡ್ಡ ಬರಬಹುದು. ಮೇಲಾಗಿ ಗಾಡಿ ಎತ್ತರವಾಗುತ್ತದೆ. ಅತ್ತೆಯವರು ಒಂದು ಕಾಲು ಎತ್ತಿ ನೋಡಿ ಕೆಳಗಿಟ್ಟರು. "ಯವ್ವಾ, ಇದರಾಗ ಹತ್ಲಾಕ ನನಗ ಏಣಿ ಬೇಕು" ಅಂದರು. ಮೈದುನ ಮೊದಲ ಸಲ ಮಾತಾಡದೆ ನಿಂತ.

ಸೋದರಿಯರೆ, ಸ್ಕಾರ್ಪಿಯೊ ಕೆಟ್ಟ ಗಾಡಿ ಎಂದು ನಾನು ಹೇಳುತ್ತಿಲ್ಲ. ಇದೇ ಗಾಡಿ ಸರಿಯಾದ ಟೈರು, ಸರಿಯಾದ ಕಾಗದದೊಂದಿಗೆ ಬಂದಿದ್ದರೆ ನಾನು ಬಹುಶಃ ಇದನ್ನೇ ಆರಿಸುತ್ತಿದ್ದೆ. ಒಂದು ಕಡೆ ಸುಳ್ಳು ಹೇಳಿದವರು ಇನ್ನೆಲ್ಲಿ ಹೇಳಿದ್ದಾರೋ ತಿಳಿಯದು, ಕಷ್ಟ ಅಲ್ಲಿದೆ.

ಭಾಲ್ಕಿಯ ಬೊಲೆರೊ

ಊಟ ಮುಗಿಸಿ ಭಾಲ್ಕಿಗೆ ಹೋದೆವು. ಮಾರುವವರು ನಿವೃತ್ತ ಮೇಷ್ಟ್ರು. ಗಾಡಿಯ ಮೈಮೇಲೆ ಗೀರು, ಸೀಟು ಹರಿದಿದೆ, ಬಣ್ಣ ಮಾಸಿದೆ. ನೋಡಿದ ಕೂಡಲೇ ಯಾರ ಮನಸ್ಸೂ ಹಿಗ್ಗಲಿಲ್ಲ. ಆದರೆ ಮೇಷ್ಟ್ರ ಮನೆಯವರು ಒಳಗಿನಿಂದ ಬಿಸ್ಕಿಟಿನ ಒಂದು ಹಳೇ ಡಬ್ಬಿ ತಂದು ಮುಂದಿಟ್ಟರು. ಅದರ ತುಂಬ ಬಿಲ್ಲುಗಳು! ಯಾವ ತಾರೀಖಿಗೆ ಆಯಿಲ್, ಎಷ್ಟು ಕಿಲೋಮೀಟರಿಗೆ ಕ್ಲಚ್, ಎಲ್ಲ ದಾರಕ್ಕೆ ಪೋಣಿಸಿ ಇಟ್ಟಿದ್ದರು. 1,60,000ಕ್ಕೆ ಕ್ಲಚ್ ಬದಲಾಗಿತ್ತು. ಬಿಲ್ಲಿನ ಅಂಕಿಗಳು ಒಂದರ ಮೇಲೊಂದು ಏರುತ್ತಾ ಬಂದು 2,06,000ಕ್ಕೆ ಸರಿಯಾಗಿ ಹೊಂದಿದವು.

ಬಾನೆಟ್ ತಣ್ಣಗಿತ್ತು. ಮಿಸ್ತ್ರಿ ಚಾಲೂ ಮಾಡಿದ, ಒಂದೇ ಸಲಕ್ಕೆ ಎದ್ದಿತು. ಇಲ್ಲಿ ಹೊಗೆಯ ಲೆಕ್ಕ ಹೇಳುತ್ತೇನೆ, ಒಲೆ ಊದಿದವರಿಗೆ ಬೇಗ ತಿಳಿಯುತ್ತದೆ. ಕಪ್ಪು ಹೊಗೆ ಬಿಡದೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲನ್ನೇ ಕುಡಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು, ಇಲ್ಲವೆ ಡೀಸೆಲ್ ಹಸಿಯಾಗಿಯೇ ಹೊರಬೀಳುತ್ತಿರಬಹುದು. ಗಾಡಿ ನಿಂತಾಗ ಆಯಿಲ್ ನೋಡುವ ಕಡ್ಡಿ ಎಳೆದು ನೋಡಿ. ಕಪ್ಪಗಿದ್ದರೆ ಹೆದರಬೇಡಿ, ಡೀಸೆಲ್ ಗಾಡಿಗೆ ಅದು ಸಹಜ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಮಾತ್ರ ನಮಸ್ಕಾರ ಹೇಳಿ ಮನೆಗೆ ಬನ್ನಿ, ಆಯಿಲಿನಲ್ಲಿ ನೀರು ಬೆರೆತಿದೆ. ಆಮೇಲೆ ಎಂಜಿನ್ ಓಡುತ್ತಿದ್ದಾಗ ಆಯಿಲ್ ಹಾಕುವ ಮುಚ್ಚಳವನ್ನು ಮಿಸ್ತ್ರಿಯ ಕೈಯಿಂದ ಸಡಿಲಿಸಿ. ಕುಕ್ಕರಿನ ಸೀಟಿಯಂತೆ ಬುಸುಬುಸು ಹೊಗೆ ನುಗ್ಗಿದರೆ ಎಂಜಿನ್ ಒಳಗೆ ಸವೆದಿದೆ. ಮೇಷ್ಟ್ರ ಗಾಡಿಯಲ್ಲಿ ತುಸುವೇ ಆವಿ ಆಡಿತು. "ವಯಸ್ಸಿಗೆ ತಕ್ಕಷ್ಟು ಅದ, ಚಿಂತಿಲ್ಲ" ಎಂದ ಮಿಸ್ತ್ರಿ.

ದೋಷವೂ ಇತ್ತು, ಮುಚ್ಚಿಡುವುದಿಲ್ಲ. ಮುಂದಿನ ಎರಡು ಟೈರು ಹಳೆಯವು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 3217 ಎಂದಿದ್ದರೆ 2017ರ 32ನೇ ವಾರದಲ್ಲಿ ತಯಾರಾದದ್ದು. ಮಸಾಲೆ ಪೊಟ್ಟಣದ ತಾರೀಖು ನೋಡುವ ನಮಗೆ ಇದು ಕಷ್ಟವೆ? ಪಟ್ಟಿ ಕಮಾನಿನ ರಬ್ಬರು ಬುಷ್ಷುಗಳು ಹೋಗಿದ್ದವು, ಹಿಂದಿನ ಬ್ರೇಕು ಸವೆದಿತ್ತು. ಎಲ್ಲ ಸೇರಿ 32,000 ರೂಪಾಯಿ ಆದೀತೆಂದು ಮಿಸ್ತ್ರಿ ಚೀಟಿಯ ಮೇಲೆ ಬರೆದುಕೊಟ್ಟ.

ಅತ್ತೆಯವರು ಪಾವಟಿಗೆಯ ಮೇಲೆ ಕಾಲಿಟ್ಟು ತಾವೇ ಹತ್ತಿದರು. ನಡುವಿನ ಸೀಟಿನಲ್ಲಿ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿ ನೋಡಿದರು. ಊರ ಹೊರಗೆ ಕೆಟ್ಟ ರಸ್ತೆಯಲ್ಲಿ ಬೇಕೆಂದೇ ಓಡಿಸಿದೆವು. "ಕುಲುಕ್ತದ. ಖರೆ ಬಸ್ಸಿಗಿಂತ ಪಾಡು" ಅಂದರು. ಡಾಕ್ಟರು, ಮಿಸ್ತ್ರಿ, ದಲಾಲ ಯಾರೂ ಕೊಡಲಾರದ ತೀರ್ಪು ಅದು. ಯಾರಿಗಾಗಿ ಗಾಡಿಯೋ ಅವರನ್ನು ಕೂಡಿಸದೆ ಗಾಡಿ ಕೊಳ್ಳಬಾರದು.

ಗಾಡಿಯ ಬೆಲೆ ಒಂದು, ಸಾಕುವ ಬೆಲೆ ಇನ್ನೊಂದು

ಅವತ್ತು ರಾತ್ರಿ ಸೋದರಿಯೂ ನಾನೂ ಕಾಗದ ಹಿಡಿದು ಕುಳಿತೆವು. ಆಸ್ಪತ್ರೆಯ ಓಡಾಟವೇ ತಿಂಗಳಿಗೆ 640 ಕಿಲೋಮೀಟರ್. ಹೊಲ, ಸಂತೆ, ತವರು ಸೇರಿ ಸಾವಿರ ಹಿಡಿಯಿರಿ. ಮಿಸ್ತ್ರಿಯ ಅಂದಾಜಿನಂತೆ ಈ ಬೊಲೆರೊ ಲೀಟರಿಗೆ 13, ಆ ಸ್ಕಾರ್ಪಿಯೊ 11 ಕೊಟ್ಟೀತು. ಒಂದಕ್ಕೆ ತಿಂಗಳಿಗೆ 77 ಲೀಟರು, ಇನ್ನೊಂದಕ್ಕೆ 91. ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 1,260, ವರ್ಷಕ್ಕೆ 15,000 ರೂಪಾಯಿಯ ವ್ಯತ್ಯಾಸ. ಪಾಟ್ಲಿಯ ಬಡ್ಡಿ ಕಟ್ಟಲು ಆಸರೆಯಾಗುವ ಹಣ ಅದು!

ನೋಂದಣಿಯ ಆಯುಷ್ಯವನ್ನೂ ಎಣಿಸಿ. ಸ್ವಂತ ಬಳಕೆಯ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅಂಥ ಕಾರುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. ಸ್ಕಾರ್ಪಿಯೊಗೆ ಆ ಗಡುವು 2028, ಬೊಲೆರೊಗೆ 2030.

ಮೇಷ್ಟ್ರ ಜೊತೆ ಚೌಕಾಶಿ ಮಾಡಲು ಮಿಸ್ತ್ರಿಯ ಚೀಟಿಯೇ ಸಾಕಾಯಿತು. ಐದು ಲಕ್ಷ 4,60,000ಕ್ಕೆ ಇಳಿಯಿತು. ರಿಪೇರಿಗೆ 32,000, ವಿಮೆ ಮತ್ತು ಕಾಗದಪತ್ರಕ್ಕೆ 18,000. ಐದೂವರೆ ಲಕ್ಷದಲ್ಲಿ 40,000 ಉಳಿಯಿತು. "ಇದನ್ನು ಮುಟ್ಟಬೇಡಿ, ನಿಮ್ಮ ಹೆಸರಿಗೆ ಬ್ಯಾಂಕಿನಲ್ಲಿ ಇಡಿ" ಎಂದೆ. ಹಳೇ ಗಾಡಿಗೆ ಕೈಯಲ್ಲಿದ್ದ ದುಡ್ಡನ್ನೆಲ್ಲ ಸುರಿಯುವುದು, ಸಂಕ್ರಾಂತಿಗೇ ಕಣಜ ಬರಿದು ಮಾಡಿಕೊಂಡಂತೆ.

ಹೆಸರು ಯಾರದು?

ಕಾಗದದ ವಿಷಯದಲ್ಲಿ ಎರಡು ಮಾತು. ಮೇಷ್ಟ್ರು ಸಾಲ ತೀರಿಸಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನ ಪತ್ರ, ಫಾರಂ 35 ಕೊಟ್ಟು ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಟ್ಟೆವು. ನಮ್ಮದು ಗಡಿಯ ಜಿಲ್ಲೆ. ಹೈದರಾಬಾದಿನ ಗಾಡಿ, ಲಾತೂರಿನ ಗಾಡಿ ಅಗ್ಗ ಎಂದು ಹೇಳುವವರು ಬಹಳ. ಹೊರ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಅಲ್ಲಿಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಬೀದರದ ಕೆಎ-38 ಅಥವಾ ಭಾಲ್ಕಿಯ ಕೆಎ-39ರಂಥ ನಮ್ಮ ನಂಬರು ಪಡೆಯಬೇಕು. ಅದನ್ನೆಲ್ಲ ಕೂಡಿಸಿದ ಮೇಲೂ ಅಗ್ಗವೆ, ನೋಡಿ. ಅಗ್ಗ ಅಂತ ಮುಗ್ಗಲು ಜೋಳ ಕೊಂಡಂತೆ ಆಗಬಾರದು.

ಎರಡನೆಯದು ದೊಡ್ಡ ಮಾತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಗಾಡಿ ಮಾರಿದ ಮೇಲೂ ಹೆಸರು ಬದಲಾಗದಿದ್ದರೆ ಅಪಘಾತದ ಹೊಣೆ ಹಳೇ ಹೆಸರಿನವರ ಮೇಲೆಯೇ ಬರುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾದರೆ ಪಾಟ್ಲಿ ಕೊಟ್ಟವಳ ಹೆಸರು ಯಾಕೆ ಬೇಡ? ನಾನು ಇದನ್ನು ಎತ್ತಿದಾಗ ಕೋಣೆ ನಿಶ್ಶಬ್ದವಾಯಿತು. ಮಾತಾಡಿದವರು ಅತ್ತೆಯವರೇ: "ಸೊಸಿ ಹೆಸರಿಗೇ ಮಾಡ್ರಿ. ನನ್ನ ಹೊತ್ತು ತಿರಗೂದು ಆಕಿನೇ."

ಆದರೆ ಒಂದು ತೊಡಕಿದೆ, ಅದನ್ನೂ ಹೇಳಿದೆ. ವಿಮೆಯಲ್ಲಿ ಮಾಲೀಕ-ಚಾಲಕರಿಗೆ 15 ಲಕ್ಷದ ಅಪಘಾತ ರಕ್ಷೆ ಇರುತ್ತದೆ. ಮಾಲೀಕರಿಗೆ ಲೈಸೆನ್ಸ್ ಇಲ್ಲದಿದ್ದರೆ ಅದು ಸಿಗುವುದಿಲ್ಲ. ಗಂಡನಿಗೂ ಮೈದುನನಿಗೂ ಬೇರೆ ರಕ್ಷೆ ಮಾಡಿಸಬೇಕು, ಇಲ್ಲವೆ ಮಾಲೀಕಳೇ ಓಡಿಸಲು ಕಲಿಯಬೇಕು.

ಕೈಚೀಲದಲ್ಲಿ ಇಟ್ಟುಕೊಳ್ಳಿ

1. ಬೆಳಿಗ್ಗೆ ಹೋಗಿ. ಬಾನೆಟ್ ತಣ್ಣಗಿರಬೇಕು.
2. ಅಯಸ್ಕಾಂತ, ಬಿಳಿ ಬಟ್ಟೆಯ ತುಂಡು, ಕನ್ನಡಕ ಮರೆಯಬೇಡಿ.
3. ಕಾಲ ಕೆಳಗಿನ ಚಾಪೆ ಎತ್ತಿ. ತುಕ್ಕು, ಮುಗ್ಗಲು ವಾಸನೆ ಇದ್ದರೆ ನೀರಿನಲ್ಲಿ ಮುಳುಗಿದ ಗಾಡಿ ಇರಬಹುದು.
4. ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ಹೊಂದುತ್ತವೆಯೇ ನೋಡಿ. ದಂಡದ ಚಲನ್ ಬಾಕಿ ಇದೆಯೇ ಆನ್‌ಲೈನಿನಲ್ಲಿ ತಿಳಿಯುತ್ತದೆ.
5. ಫಾರಂ 29, 30ಕ್ಕೆ ಸಹಿ ಆಗಲಿ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ. ಮಾರುವವರ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ.
6. ಬೆಲೆಯ ಹತ್ತನೇ ಒಂದು ಭಾಗವಾದರೂ ರಿಪೇರಿಗೆಂದು ತೆಗೆದಿಡಿ.

ನಾಲ್ಕು ತಿಂಗಳಾದ ಮೇಲೆ ಸೋದರಿಯ ಇನ್ನೊಂದು ಪತ್ರ ಬಂದಿದೆ. ಎಲ್ಲ ಸುಸೂತ್ರ ಎಂದೇನೂ ಬರೆದಿಲ್ಲ. ಸಂತಪುರದ ಹತ್ತಿರ ಒಂದು ಸಂಜೆ ಗಾಡಿ ನಿಂತೇಬಿಟ್ಟಿತಂತೆ, ಡೈನಮೋ ಸುಟ್ಟಿತ್ತು. ಊರಿನ ಮಿಸ್ತ್ರಿಯೇ ಬಂದು ಮಾರನೆಯ ದಿನ ಸರಿ ಮಾಡಿದನಂತೆ. 7,500 ರೂಪಾಯಿ ಬ್ಯಾಂಕಿನ ಆ ದುಡ್ಡಿನಿಂದ ಹೋಯಿತು, ಯಾರ ಮುಂದೂ ಕೈ ಚಾಚಲಿಲ್ಲ. ನಡುವಿನ ಸೀಟಿಗೆ ಹತ್ತಿಯ ಗಾದಿ ಹೊಲಿಸಿದ್ದಾಳೆ. ಡಯಾಲಿಸಿಸ್ ಮುಗಿದ ಮೇಲೆ ಅತ್ತೆಯವರು ಅದರ ಮೇಲೆ ಔರಾದದ ತನಕ ನಿದ್ದೆ ಮಾಡುತ್ತಾರಂತೆ. ಎರಡು ಪಾಟ್ಲಿ ಬಿಡಿಸಿಯಾಗಿದೆ, ಎರಡು ಇನ್ನೂ ಅಡವಿನಲ್ಲಿವೆ.

ಕೊನೆಗೆ ಹೀಗೆ ಬರೆದಿದ್ದಾಳೆ: "ಅಕ್ಕೋರೆ, ಎಲ್‌ಎಲ್ ತಗೊಂಡೀನಿ. ಕಲಿಸೋನು ಮೈದುನನೇ. ಕ್ಲಚ್ ಬಿಡೂದು ಒಂದು ಬರವಲ್ದು, ಗಾಡಿ ಕಪ್ಪಿ ಹಂಗ ಜಿಗೀತದ. ಆದರೂ ಬಿಡೂದಿಲ್ಲ."

ಬಿಡಬೇಡ ತಾಯಿ. ಮುಂದಿನ ಸಂಚಿಕೆಯಲ್ಲಿ ಮಾವಿನಕಾಯಿ ತೊಕ್ಕು, ಖಂಡಿತ.